ರಾಜಧಾನಿಯ ಭಾರ ಮತ್ತು ನಮ್ಮ ಊರುಗಳು

ರಾಜ್ಯದ ಪ್ರಗತಿಯನ್ನು ರಾಜಧಾನಿಯ ಗಾತ್ರದಿಂದ ಅಳೆಯುವ ಅಭ್ಯಾಸ ನಮ್ಮ ಆಡಳಿತಗಾರರಲ್ಲಿ ಬೇರೂರಿದೆ. ಸಿದ್ದಾಪುರದಂತಹ ಊರಿನಲ್ಲಿ ನಿಂತು ನೋಡಿದರೆ ಈ ಅಳತೆಗೋಲಿನ ದೋಷ ಸ್ಪಷ್ಟವಾಗುತ್ತದೆ.

ವಿಸ್ತೀರ್ಣದಲ್ಲಿ ಉತ್ತರ ಕನ್ನಡ ಜಿಲ್ಲೆಯು ಬೆಂಗಳೂರು ನಗರ ಜಿಲ್ಲೆಯ ನಾಲ್ಕು ಪಟ್ಟಿಗಿಂತಲೂ ದೊಡ್ಡದು. ಆದರೆ 2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿದ್ದವರು ಸುಮಾರು 14 ಲಕ್ಷ ಮಂದಿ. ಅಲ್ಲಿದ್ದವರು 96 ಲಕ್ಷ. ಚದರ ಕಿಲೋಮೀಟರಿಗೆ ನಮ್ಮಲ್ಲಿ 140 ಮಂದಿಯಾದರೆ ಅಲ್ಲಿ ನಾಲ್ಕು ಸಾವಿರಕ್ಕೂ ಅಧಿಕ. 2001ರಿಂದ 2011ರವರೆಗಿನ ದಶಕದಲ್ಲಿ ಅಲ್ಲಿನ ಜನಸಂಖ್ಯೆ ಸುಮಾರು ಶೇ. 47ರಷ್ಟು ಏರಿದರೆ ನಮ್ಮದು ಏರಿದ್ದು ಶೇ. 6ರಷ್ಟು ಮಾತ್ರ. ಇಷ್ಟು ದೊಡ್ಡ ಅಂತರ ಕೇವಲ ಜನನದಿಂದ ಉಂಟಾಗುವಂಥದ್ದಲ್ಲ. ಕೆಲಸ, ಕಾಲೇಜುಗಳಿಗಾಗಿ ಊರು ಬಿಟ್ಟ ಯುವಕ ಯುವತಿಯರ ಲೆಕ್ಕವೂ ಅದರೊಳಗಿದೆ.

ಇಷ್ಟು ಜನರನ್ನು ಸಲಹುವ ನೆಲವೇ ಅದು? ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿರುವ ಬೆಂಗಳೂರಿಗೆ ತನ್ನದೆನ್ನುವ ದೊಡ್ಡ ನದಿಯಿಲ್ಲ. ಕೆರೆಗಳನ್ನು ನಂಬಿದ್ದ ನಗರಕ್ಕೆ 1890ರ ದಶಕದಲ್ಲಿ ಹೆಸರಘಟ್ಟದಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂತು. ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಮೇಲೆತ್ತಿ ತರಲಾಗುತ್ತಿದೆ. ಆದರೂ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಜನರು ಟ್ಯಾಂಕರಿಗಾಗಿ ಕಾಯಬೇಕಾಯಿತು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತ ಉದ್ಘಾಟನೆಗೊಂಡಿತು. 2025ರಲ್ಲಿ ನಗರದ ಆಡಳಿತವನ್ನು ಐದು ಪಾಲಿಕೆಗಳಿಗೆ ಹಂಚಲಾಯಿತು. ಪಾಲಿಕೆಗಳು ಹೆಚ್ಚಿದ ಮಾತ್ರಕ್ಕೆ ನೆಲದ ಮೇಲಿನ ಭಾರ ಇಳಿಯುವುದೇ?

ಈ ನಡುವೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಶರಾವತಿಯ ಮೇಲೂ ರಾಜಧಾನಿಯ ದೃಷ್ಟಿ ಬಿದ್ದಿದೆ. ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪವನ್ನು ವಿರೋಧಿಸಿ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. ಸಿದ್ದಾಪುರದ ಗಡಿಯಲ್ಲೇ ಜೋಗವಿರುವಾಗ ಇದನ್ನು ನೆರೆಜಿಲ್ಲೆಯ ತಂಟೆಯೆಂದು ನಾವು ಕೈಕಟ್ಟಿ ಕೂರಲಾಗದು. ನಾಡಿಗೆ ವಿದ್ಯುತ್ತು ನೀಡಲು ಮನೆ, ಜಮೀನು ಮುಳುಗಿಸಿಕೊಂಡ ಕಣಿವೆಯದು.

ಬೆಂಗಳೂರಿನ ಮೇಲೆ ನಮಗೆ ಅಸೂಯೆಯಿಲ್ಲ. ಅಲ್ಲಿ ಬಾಯಾರಿದವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಆದರೆ ನೀರನ್ನು ಜನರ ಬಳಿಗೆ ಒಯ್ಯುವ ಯೋಜನೆಗೆ ಸಿಗುವ ಆಸಕ್ತಿ, ಉದ್ಯೋಗವನ್ನು ಜಿಲ್ಲೆಗಳಿಗೆ ತರುವ ಯೋಜನೆಗೆ ಏಕೆ ಸಿಗುವುದಿಲ್ಲ? ಸುಸಜ್ಜಿತ ಆಸ್ಪತ್ರೆಗಾಗಿ ನಮ್ಮ ಜಿಲ್ಲೆಯವರು 2022ರಲ್ಲಿ ಜಾತಿ ಧರ್ಮಗಳ ಭೇದವಿಲ್ಲದೆ ದನಿಯೆತ್ತಿದ್ದರು. ಕಾಲೇಜು, ಕೈಗಾರಿಕೆಗಳಿಗಾಗಿಯೂ ಅದೇ ಒಗ್ಗಟ್ಟು ಮೂಡಬೇಕು. ಮತ ಕೇಳಲು ಮನೆಗೆ ಬರುವವರ ಮುಂದೆ ಪ್ರತಿ ಕುಟುಂಬವೂ ಈ ಪ್ರಶ್ನೆಯನ್ನಿಡಲಿ. ರಾಜಧಾನಿಗೆ ಹೋಗುವುದು ನಮ್ಮ ಮಕ್ಕಳ ಆಯ್ಕೆಯಾಗಿರಲಿ, ಅನಿವಾರ್ಯತೆಯಾಗದಿರಲಿ.