ಸಣ್ಣ ದಾರಿಯಲ್ಲಿ ರೋಬೋ ಓಟ

ಜಮಖಂಡಿಯ ಶಾಲೆಯೊಂದರಲ್ಲಿ ರೋಬೋ ಸ್ಪರ್ಧೆ ಎಂದಿಟ್ಟುಕೊಳ್ಳಿ. ಬಿಳಿ ಫ್ಲೆಕ್ಸ್ ಮೇಲಿನ ಕರಿ ಪಟ್ಟಿ ಹಿಡಿದು ಪುಟ್ಟ ಗಾಡಿ ತಾನಾಗಿ ಓಡಬೇಕು. ಗಾಡಿ ಕಟ್ಟಿದ ಹುಡುಗಿಯ ಅಪ್ಪ ಬನಹಟ್ಟಿಯಲ್ಲಿ ಪವರ್‌ಲೂಮಿನ ಮುಂದಿದ್ದಾರೆ. ಮಗ್ಗ ನಿಂತರೆ ಮಜೂರಿಯೂ ನಿಂತಂತೆ. ನೇರಪ್ರಸಾರ ಬೇಕಿರುವುದು ಇಂಥವರಿಗೆ. ಅತಿಥಿಗಳ ಭಾಷಣ ಕೇಳಿಸಲಿಕ್ಕಲ್ಲ.

ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 2016ರಲ್ಲಿ ಬಂದ ಮೇಲೆ ಆಯ್ದ ಶಾಲೆಗಳಲ್ಲಿ 6ರಿಂದ 12ನೇ ತರಗತಿಯ ಮಕ್ಕಳ ಕೈಗೆ ಸೆನ್ಸರು, ಮೋಟಾರು ಸಿಕ್ಕಿವೆ. ಆಟವನ್ನು ತೋರಿಸಲು ಮೊಬೈಲೂ ಉಂಟು. ಕೊರತೆಯಿರುವುದು ಅಂತರ್ಜಾಲದ ದಾರಿಯಲ್ಲಿ, ಅದರಲ್ಲೂ ಹೊರಹೋಗುವ ದಾರಿಯಲ್ಲಿ. ಸಿನಿಮಾ ನೋಡುವಾಗ ಡೇಟಾ ಒಳಬರುತ್ತದೆ, ಪ್ರಸಾರ ಮಾಡುವಾಗ ಹೊರಹೋಗಬೇಕು. ಮೊಬೈಲಿನಲ್ಲಿ ಎರಡನೆಯದು ಸಾಮಾನ್ಯವಾಗಿ ಇಕ್ಕಟ್ಟು. ಸಭಾಂಗಣದಲ್ಲಿ ಇನ್ನೂರು ಮಂದಿ ಒಟ್ಟಿಗೇ ವಿಡಿಯೊ ಕಳಿಸತೊಡಗಿದರೆ, ಕಬ್ಬಿನ ಹಂಗಾಮಿನಲ್ಲಿ ಮುಧೋಳದ ಕಡೆ ಕಾರ್ಖಾನೆ ಗೇಟಿನ ಮುಂದೆ ಟ್ರ್ಯಾಕ್ಟರು ಸಾಲುಗಟ್ಟಿದಂತೆ!

ಮೊದಲು ಆಸೆ ತಗ್ಗಿಸಬೇಕು. 1080ಪಿ ಚಿತ್ರಕ್ಕೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಬೇಕು. 480ಪಿ ಚಿತ್ರ 1 ಮೆಗಾಬಿಟ್‌ನಲ್ಲಿ ಸಾಗುತ್ತದೆ, ತಾಸಿಗೆ 2.25 ಜಿಬಿ ಬದಲು 450 ಎಂಬಿ. ನೋಡುವವರ ದಿನದ ಡೇಟಾ ಒಂದೂವರೆ ಜಿಬಿಯಾದರೆ ಈ ಲೆಕ್ಕ ಅವರಿಗೂ ಮುಖ್ಯ. ವಿಡಿಯೊ ಕುಗ್ಗಿಸುವ ತಂತ್ರ ಮಹಾ ಜಿಪುಣ. ಹಿಂದಿನ ಚಿತ್ರಕ್ಕಿಂತ ಬದಲಾದಷ್ಟನ್ನೇ ಹೆಚ್ಚಾಗಿ ಕಳಿಸುತ್ತದೆ. ಮೊಬೈಲು ಹಿಡಿದು ಓಡಾಡಿದರೆ ಚಿತ್ರವೆಲ್ಲ ಬದಲು. ಸ್ಟ್ಯಾಂಡಿನ ಮೇಲೆ ಗಟ್ಟಿಯಾಗಿ ಕೂರಿಸಿದರೆ ನೆಲ ಹಾಗೇ ಇರುತ್ತದೆ, ಓಡುವುದು ಗಾಡಿಯೊಂದೇ. ಹಿಂದೆ ಫ್ಯಾನಿನ ಗಾಳಿಗೆ ಹಾರಾಡುವ ಸ್ವಾಗತದ ಬ್ಯಾನರು ಕೂಡ ಡೇಟಾ ತಿನ್ನುತ್ತದೆ. (ಅದನ್ನು ಬಿಚ್ಚಿಸುವುದು ಸುಲಭವಲ್ಲ, ಅದರ ಮೇಲೆ ಅಧ್ಯಕ್ಷರ ಫೋಟೊ ಇರುತ್ತದೆ.)

ಚೆಂಡು ತಳ್ಳುವ ಆಟದ ಗಾಡಿಗಳನ್ನು ಮಕ್ಕಳು ಎಷ್ಟೋ ಸಲ ಬ್ಲೂಟೂತ್‌ನಿಂದ ನಡೆಸುತ್ತಾರೆ. ವೈಫೈ ಕೂಡ ಬಹಳಷ್ಟು ಕಡೆ ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಓಡಾಡುತ್ತದೆ. ನಮ್ಮ ಪ್ರಸಾರದ ಹುಮ್ಮಸ್ಸಿಗೆ ಮಗುವಿನ ಗಾಡಿ ಮಾತು ಕೇಳದೆ ನಿಂತರೆ ಅನ್ಯಾಯವಲ್ಲವೆ? ಊರಿಗೆ ಫೈಬರ್ ಬಂದಿದ್ದರೆ ಲ್ಯಾಪ್‌ಟಾಪಿಗೆ ಕೇಬಲ್ಲನ್ನೇ ಚುಚ್ಚಬೇಕು.

ಧ್ವನಿಗೆ 64 ಕಿಲೊಬಿಟ್ ಸಾಕು. ಚಿತ್ರ ಕೈಕೊಟ್ಟರೂ ಮಾತು ಉಳಿದರೆ ಆಟ ಉಳಿಯುತ್ತದೆ. ರೇಡಿಯೊದಲ್ಲಿ ಕ್ರಿಕೆಟ್ ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರ ಸೇರಿದ ಅಜ್ಜಿಗೆ ಮೊಮ್ಮಗನ ಹೆಸರು ಕೇಳಿದರೂ ಖುಷಿಯೇ. ಆದರೆ ಮಗ್ಗದ ಸದ್ದಿನಲ್ಲಿ ಕಾಮೆಂಟರಿ ಕೇಳಿಸದು. ಅದಕ್ಕೆ ಕ್ಯಾಮೆರಾದ ಚೌಕಟ್ಟಿನೊಳಗೇ ಕರಿಹಲಗೆ ಇರಲಿ: ದಪ್ಪ ಅಕ್ಷರದಲ್ಲಿ ತಂಡದ ಹೆಸರು, ತಗುಲಿದ ಸೆಕೆಂಡು. ಯಾವ ತಂಡ ಎಷ್ಟು ಗಂಟೆಗೆ ಎಂಬುದನ್ನು ಹಿಂದಿನ ದಿನವೇ ತಿಳಿಸಿದರೆ, ರಬಕವಿಯಲ್ಲಿ ಕುಳಿತವರು ದಿನವಿಡೀ ಡೇಟಾ ಸುಡಬೇಕಿಲ್ಲ.

ಇನ್ನೊಂದು ಕ್ಯಾಮೆರಾ ಎಲ್ಲವನ್ನೂ ಪೂರ್ಣ ಗಾತ್ರದಲ್ಲಿ ಕಾರ್ಡಿಗೆ ಇಳಿಸಿಕೊಳ್ಳುತ್ತಿರಲಿ. ಸಂದಣಿ ಕರಗಿದ ಮೇಲೆ, ರಾತ್ರಿ, ನಿಧಾನವಾಗಿ ಏರಿಸಬಹುದು. ತೀರ್ಪಿನ ಬಗ್ಗೆ ತಕರಾರು ಎದ್ದರೆ ನೋಡಬೇಕಾದದ್ದೂ ಅದನ್ನೇ.