ಪೆನ್ಸಿಲ್ ಬೀಳಲಿಲ್ಲ

ಮನುಷ್ಯನ ಜಾತಿ ಗೊತ್ತುಮಾಡೋಕೆ ಎಷ್ಟು ಹೊತ್ತು ಬೇಕು? ನಮ್ಮ ಕಡೆಯಾದರೆ 'ನೀವು ಯಾವ ಪೈಕಿ?' ಅಂತ ಕೇಳುವಷ್ಟು ಹೊತ್ತು. ದಕ್ಷಿಣ ಆಫ್ರಿಕದಲ್ಲಿ ಒಂದು ಪೆನ್ಸಿಲ್ ಸಾಕಾಗಿತ್ತು. 1950ರ ಜನಸಂಖ್ಯಾ ನೋಂದಣಿ ಕಾನೂನು ಬಂದ ಮೇಲೆ, ಅನುಮಾನ ಬಂದವರ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು. ಜಾರಿ ಬಿದ್ದರೆ ಬಿಳಿಯಳು. ನಿಂತರೆ ಅಲ್ಲ. ಒಂದೇ ಮನೆಯ ಮಕ್ಕಳು ಬೇರೆ ಬೇರೆ ಜನಾಂಗಕ್ಕೆ ಸೇರಿಹೋದದ್ದೂ ಉಂಟು.

ಆ ಕಾನೂನು 1991ರಲ್ಲಿ ಸತ್ತಿತು. ಪೆನ್ಸಿಲ್ ಸಾಯಲಿಲ್ಲ. 2016ರಲ್ಲಿ ಪ್ರಿಟೋರಿಯದ ಬಾಲಕಿಯರ ಹೈಸ್ಕೂಲಿನ ಕಪ್ಪು ಹುಡುಗಿಯರು ತಮ್ಮ ಕೂದಲಿನ ಸಲುವಾಗಿ ಪ್ರತಿಭಟನೆಗೆ ಇಳಿಯಬೇಕಾಯಿತು. ಹದಿಮೂರು ವರ್ಷದ ಜುಲೈಕಾ ಪಟೇಲ್ ಕೈ ಮೇಲೆತ್ತಿ ಕಾವಲುಗಾರರ ಎದುರು ನಿಂತಳು.

ಅಮೆರಿಕ ಇನ್ನೂ ನಯವಂತರ ದೇಶ. ಅಲ್ಲಿ ಪೆನ್ಸಿಲ್ ಇಲ್ಲ, ಕೋರ್ಟಿದೆ. 1981ರಲ್ಲಿ ರೆನೀ ರೋಜರ್ಸ್ ಎಂಬಾಕೆ, ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಹೆಣೆದ ಜಡೆಯನ್ನು ಬೇಡವೆಂದ ಅಮೆರಿಕನ್ ಏರ್‌ಲೈನ್ಸ್ ಮೇಲೆ ಹೂಡಿದ್ದ ದಾವೆ ಸೋತಿತು. ಮೈಬಣ್ಣ ಬದಲಾಗದು, ಜಡೆಯನ್ನು ಬಿಚ್ಚಬಹುದಲ್ಲ, ಅನ್ನೋದು ನ್ಯಾಯಾಲಯದ ತರ್ಕ. 2010ರಲ್ಲಿ ಅಲಬಾಮದ ಚ್ಯಾಸ್ಟಿಟಿ ಜೋನ್ಸ್‌ಗೆ ಸಿಕ್ಕ ಕೆಲಸ ಜಟೆ ಕತ್ತರಿಸದ ತಪ್ಪಿಗೆ ಕೈತಪ್ಪಿತು. 2016ರಲ್ಲಿ ಮೇಲಿನ ಕೋರ್ಟೂ ಕಂಪನಿಯ ಕಡೆಗೇ ನಿಂತಿತು.

ಈ ತರ್ಕ ನಮಗೆ ಹೊಸದಲ್ಲ ಸ್ವಾಮಿ. ಬಾಡಿಗೆ ಮನೆ ಕೇಳಲು ಹೋದಾಗಲೆಲ್ಲ ಕೇಳಿದ್ದೇವೆ. ಹುಟ್ಟಿದ್ದಕ್ಕೆ ನಮ್ಮ ತಕರಾರಿಲ್ಲ, ತಿನ್ನೋದು ಬದಲಾಯಿಸಿ, ಮಾತು ಬದಲಾಯಿಸಿ, ಆಮೇಲೆ ಬನ್ನಿ.

ಬದಲಾಯಿಸೋದು ಅಂದರೆ ಹೇಗೆ? ಕಾಸ್ಟಿಕ್ ಸೋಡಾ ಇರುವ ಲೇಪ ಹಚ್ಚಿ. ನೆತ್ತಿ ಸುಡುತ್ತದೆ, ಹುಣ್ಣಾಗುತ್ತದೆ, ಕೂದಲು ನೆಟ್ಟಗಾಗುತ್ತದೆ. ಎರಡು ತಿಂಗಳಲ್ಲಿ ಬೇರು ಗುಂಗುರಾಗಿ ಎದ್ದರೆ ಮತ್ತೆ ಸುಡಿ. ಅಮೆರಿಕದಲ್ಲಿ 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಹೊರಬಂತು. ಕೂದಲು ನೆಟ್ಟಗಾಗಿಸುವ ರಾಸಾಯನಿಕವನ್ನೇ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ನೂರಕ್ಕೆ 1.64. ಪದೇ ಪದೇ ಬಳಸಿದವರಲ್ಲಿ 4.05. ಇದೇ ಕಾರಣವೆಂದು ಅದು ಸಾಧಿಸಿಲ್ಲ, ನಂಟು ತೋರಿಸಿದೆ, ಅಷ್ಟೆ. ಆದರೆ ಹೆಚ್ಚಾಗಿ ಬಳಸುವವರು ಯಾರು, ಎಳೆ ವಯಸ್ಸಿಗೇ ಶುರುಮಾಡುವವರು ಯಾರು? ಕಪ್ಪು ಹೆಂಗಸರು. ಅವರಿಗೆ ಅದು ಶೋಕಿಯಲ್ಲ, ಕೆಲಸದ ಅರ್ಜಿ.

ಕೂದಲಿಗಾಗಿ ಯಾರನ್ನೂ ಹೊರಗಿಡಬಾರದೆಂಬ ಕಾನೂನನ್ನು 2019ರಲ್ಲಿ ಕ್ಯಾಲಿಫೋರ್ನಿಯ ಮಾಡಿತು, ಬೇರೆ ರಾಜ್ಯಗಳೂ ಮಾಡಿದವು. ಇಡೀ ದೇಶಕ್ಕೆ ಅನ್ವಯವಾಗುವ ಮಸೂದೆಗೆ 2022ರಲ್ಲಿ ಕೆಳಮನೆ ಒಪ್ಪಿತು. ಮೇಲ್ಮನೆ ದಾಟಲಿಲ್ಲ.

ಅಮೆರಿಕದ ಮಾತು ನಮಗ್ಯಾಕೆ ಅನ್ನುವವರು ಒಂದು ಸಲ ಕೊಪ್ಪಳದ ಭಾಗ್ಯನಗರಕ್ಕೆ ಹೋಗಿಬನ್ನಿ. ಬಾಚಣಿಗೆಯಲ್ಲಿ ಸಿಕ್ಕಿ ಬಂದ ಕೂದಲ ಉಂಡೆಗಳನ್ನು ಹೆಂಗಸರು ಕೂತು ಎಳೆಎಳೆಯಾಗಿ ಬಿಡಿಸುತ್ತಾರೆ. ತಿರುಪತಿಯಲ್ಲಿ ಬಡವರು ಮುಡಿ ಕೊಟ್ಟ ಕೂದಲು ಹರಾಜಾಗುತ್ತದೆ. ಇಂಥ ಕೂದಲು ಟೋಪನ್ನಾಗಿ ಸಮುದ್ರ ದಾಟಿ, ಒಂದಷ್ಟು ಕಪ್ಪು ಹೆಂಗಸರ ತಲೆಯನ್ನೂ ಸೇರುತ್ತದೆ. ಅವಳ ಸ್ವಂತ ಕೂದಲಿಗೆ ಮರ್ಯಾದೆ ಇಲ್ಲ. ಇವಳ ಬೆರಳಿಗೆ ತಕ್ಕ ಕೂಲಿ ಇಲ್ಲ. ನಡುವೆ ಕೂತವನಿಗೆ ಇಬ್ಬರಿಂದಲೂ ಲಾಭ.

ಇನ್ನು ನಮ್ಮ ಮಾತು. ಕಪ್ಪು ಜನರ ಪ್ಯಾಂಥರ್ ಹೆಸರನ್ನು 1972ರಲ್ಲಿ ಮುಂಬಯಿಯ ದಲಿತ ಗೆಳೆಯರು ತಮ್ಮದಾಗಿಸಿಕೊಂಡಾಗ ನಮಗೂ ಎದೆ ಉಬ್ಬಿತ್ತು. ಏಂಜೆಲಾ ಡೇವಿಸ್‌ಳ ಆ ದುಂಡು ಕೂದಲಿನ ಪಟ ನಮಗೆ ಇವತ್ತಿಗೂ ಬೇಕು. ಅದೇ ಆಫ್ರಿಕದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಕನ್ನಡ ಮಾತಾಡಿಕೊಂಡು ಇದ್ದಾರೆ. ಸಿದ್ದಿ ಹುಡುಗಿ ಬಸ್ಸು ಹತ್ತಿದರೆ ಹಿಂದಿನ ಸೀಟಿನವರು ಅವಳ ಕೂದಲು ಮುಟ್ಟಿ ನೋಡಿ ನಗುತ್ತಾರೆ. ಆ ಬಸ್ಸಿನಲ್ಲಿ ನಾವೂ ಇದ್ದೆವು. ಕಿಟಕಿಯಾಚೆ ನೋಡುತ್ತಾ ಕೂತಿದ್ದೆವು.