ಭೂಮಿಯ ಒಳಗನ್ನು ಕೇಳಿಸಿಕೊಳ್ಳುವವರು

ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದಿತ್ತು. ರಷ್ಯಾದ ಕೋಲಾದಲ್ಲಿ ಕೊರೆದ ರಂಧ್ರ 12 ಕಿ.ಮೀ. ದಾಟಿ ನಿಂತುಹೋಯಿತು. ಭೂಮಿಯ ಕೇಂದ್ರ ಇರುವುದು 6,371 ಕಿ.ಮೀ. ಕೆಳಗೆ. ಅಲ್ಲಿ ಏನಿದೆ ಎಂದು ಕಣ್ಣಾರೆ ಕಂಡವರಿಲ್ಲ. ನಮಗೆ ಗೊತ್ತಿರುವ ಬಹುಪಾಲು ಸಂಗತಿ ಭೂಕಂಪದ ಅಲೆಗಳಿಂದ ತರ್ಕಿಸಿ ತಿಳಿದದ್ದು. ಹೀಗೆ ಯಾರಿಗೂ ಕಾಣದ್ದನ್ನು ಅಭ್ಯಾಸ ಮಾಡುವ ವಿಜ್ಞಾನಿಗೆ, ಅದನ್ನು ಜನರಿಗೆ ತಿಳಿಸುವುದು ಬಿಡುವಿನ ಹವ್ಯಾಸವಲ್ಲ, ಸಂಶೋಧನೆಯ ಭಾಗವೇ ಎಂಬುದು ನನ್ನ ವಾದ.

ಬ್ರಿಟನ್ನಿನಲ್ಲಿ ಕೆಲಸ ಮಾಡುವ ಭೂಕಂಪ ವಿಜ್ಞಾನಿ ಪೌಲಾ ಕೂಲೆಮೈಯರ್ ಅವರನ್ನೇ ನೋಡಿ. ಆಫ್ರಿಕಾ ಮತ್ತು ಪೆಸಿಫಿಕ್ ಸಾಗರದ ಕೆಳಗೆ, ಸುಮಾರು 2,900 ಕಿ.ಮೀ. ಆಳದಲ್ಲಿ ಮ್ಯಾಂಟಲ್ ಮುಗಿಯುವ ಕಡೆ, ಖಂಡದಷ್ಟು ದೊಡ್ಡ ಎರಡು ರಾಶಿಗಳಿವೆ. ಭೂಕಂಪದ ಅಲೆಗಳು ಅಲ್ಲಿ ನಿಧಾನವಾಗುತ್ತವೆ. ಅವು ಬರೀ ಬಿಸಿಯೋ, ಭಾರವಾದ ಬೇರೆ ವಸ್ತುವೋ? ದೊಡ್ಡ ಭೂಕಂಪವಾದಾಗ ಇಡೀ ಭೂಮಿ ಗುಡಿಯ ಗಂಟೆಯಂತೆ ದಿನಗಟ್ಟಲೆ ಕಂಪಿಸುತ್ತದೆ. ಆ ಕಂಪನವನ್ನು ಅಳೆದು ಪೌಲಾ ಮತ್ತು ಸಹೋದ್ಯೋಗಿಗಳು 2017ರಲ್ಲಿ, ರಾಶಿಗಳು ಒಟ್ಟಾರೆ ಸುತ್ತಲಿನದಕ್ಕಿಂತ ಹಗುರ ಎಂದರು. ಅದೇ ವರ್ಷ ಇನ್ನೊಂದು ತಂಡ, ಚಂದ್ರ-ಸೂರ್ಯರ ಸೆಳೆತಕ್ಕೆ ನೆಲವೇ ಉಬ್ಬುವುದನ್ನು ಅಳೆದು, ಅವುಗಳ ಕೆಳಭಾಗ ಭಾರ ಎಂದಿತು! ಪಠ್ಯಪುಸ್ತಕದ ಈರುಳ್ಳಿ ಸಿಪ್ಪೆಯಂಥ ಚಿತ್ರದಲ್ಲಿ ಈ ಜಗಳದ ಸುಳಿವೇ ಇಲ್ಲ. ವಿಜ್ಞಾನದಲ್ಲಿ ರುಚಿ ಇರುವುದೇ ಇಂಥ ಜಗಳದಲ್ಲಿ.

2020ರ ಲಾಕ್‌ಡೌನ್‌ನಲ್ಲಿ ಅದೇ ಪೌಲಾ ಲಂಡನ್ನಿನ ತಮ್ಮ ಮನೆಯಲ್ಲಿದ್ದ ಪುಟ್ಟ ಕಂಪನಮಾಪಕದ ರೇಖೆಗಳನ್ನು ಎಲ್ಲರ ಮುಂದಿಟ್ಟರು. ವಾಹನ ನಿಂತಂತೆ ನೆಲದ ಗದ್ದಲವೂ ಇಳಿದಿತ್ತು. ಆ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಜಾಗತಿಕ ಅಧ್ಯಯನದಲ್ಲಿ ಇಂಥ ಹವ್ಯಾಸಿ ಉಪಕರಣಗಳ ದತ್ತಾಂಶವೂ ಸೇರಿತ್ತು. ಗದ್ದಲ ಶೇ 50ರವರೆಗೂ ತಗ್ಗಿತ್ತಂತೆ. ಉಪಕರಣದ ಹೆಸರು ರಾಸ್ಪ್‌ಬೆರಿ ಶೇಕ್. ಒಂದು ಜಿಯೋಫೋನ್, ಜೊತೆಗೆ ನಾವು ಮಿನಿ ಪ್ರಾಜೆಕ್ಟ್‌ನಲ್ಲಿ ಬಳಸುವ ರಾಸ್ಪ್‌ಬೆರಿ ಪೈ, ಅಷ್ಟೆ.

‘ಮೊದಲು ಪೇಪರ್ ಬರೆಯಲಿ, ಭಾಷಣ ಆಮೇಲೆ’ ಎನ್ನುವ ಹಿರಿಯರಿದ್ದಾರೆ. ಎರಡು-ಮೂರು ವರ್ಷದ ಗುತ್ತಿಗೆಯಲ್ಲಿರುವ ಕಿರಿಯ ಸಂಶೋಧಕರಿಗೆ ಅದು ನಿಜವಾದ ಭಯವೇ. ಶಾಲೆಗೆ ಹೋಗಿ ಪಾಠ ಹೇಳಿದ್ದಕ್ಕೆ ಯಾರೂ ಕಾಯಂ ಹುದ್ದೆ ಕೊಡುವುದಿಲ್ಲ. ಹಾಗಾಗಿ ತಪ್ಪು ಲೆಕ್ಕ ಹಾಕುವ ಸಂಸ್ಥೆಗಳದ್ದೇ ಹೊರತು ಅವರದ್ದಲ್ಲ. ನೇಮಕಾತಿಯಲ್ಲಿ ಈ ಕೆಲಸಕ್ಕೂ ಅಂಕ ಸಿಗಲಿ.

ನಮ್ಮಲ್ಲಿ? ಗೌರಿಬಿದನೂರಿನಲ್ಲಿ 1960ರ ದಶಕದಿಂದಲೂ ಬಿಎಆರ್‌ಸಿಯ ಕಂಪನಮಾಪಕಗಳ ಸಾಲೇ ಇದೆ. ಬೆಂಗಳೂರಿಗೆ ಇಷ್ಟು ಹತ್ತಿರವಿದ್ದರೂ ನನ್ನ ತರಗತಿಯಲ್ಲಿ ಅದನ್ನು ಕೇಳಿದವರು ಕಡಿಮೆ. ಯುಪಿಎಸ್‌ಸಿಯ ಭೂವಿಜ್ಞಾನಿ ಪರೀಕ್ಷೆಯಲ್ಲಿ ಜಿಯೋಫಿಸಿಸಿಸ್ಟ್ ಹುದ್ದೆಗಳಿವೆ ಎಂಬುದನ್ನೂ ಪ್ಲೇಸ್‌ಮೆಂಟ್ ಭಾಷಣಗಳಲ್ಲಿ ನಾನು ಕೇಳಿಲ್ಲ. (ಅದಕ್ಕೆ ಸಂಬಂಧಪಟ್ಟ ಸ್ನಾತಕೋತ್ತರ ಪದವಿ ಬೇಕು, ಬರೀ ಬಿಇ ಸಾಲದು.)

ನಮಗೆ ಬಿಇ ಮುಗಿಸಲು ಎಐಸಿಟಿಇ ಆಕ್ಟಿವಿಟಿ ಪಾಯಿಂಟ್‌ಗಳು ಬೇಕು. ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದು ಸುಲಭದ ದಾರಿ. ಸ್ಥಳೀಯ ಶಾಲೆಗೆ ನೆರವಾಗುವುದೂ ಆ ಪಟ್ಟಿಯಲ್ಲಿದೆ. ಕಾಲೇಜೊಂದು ಒಂದು ಕಂಪನಮಾಪಕ ಕೊಂಡು, ಮೂರ್ನಾಲ್ಕು ಮಂದಿ ಸೇರಿ ಅದನ್ನು ಹತ್ತಿರದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಟ್ಟು, ಕನ್ನಡದಲ್ಲೇ ವಿವರಿಸಬಹುದಲ್ಲ? ಊಟದ ಗಂಟೆ ಬಾರಿಸಿ ಮಕ್ಕಳೆಲ್ಲ ಹೊರಗೋಡಿದಾಗ ಪರದೆಯ ಗೆರೆ ಹೇಗೆ ಕುಣಿಯುತ್ತದೆ ಎಂದು ಮೊದಲು ನೋಡಲಿ. ಇಂಡೊನೇಷ್ಯಾದ ಭೂಕಂಪ ಆಮೇಲೆ.